ಕೊಸರು

ಇಪ್ಪತ್ತೇಳು ವರ್ಷ ತೂಕವನ್ನೇ ತೂಗಿದವಳು ನಾನು.
ಅಲಿ ಅಸ್ಕರ್ ರಸ್ತೆಯ ಆಫೀಸಿನಲ್ಲಿ
ನೀಲಿ ಮಖಮಲ್ಲಿನ ಗುಳಿಗಳಲ್ಲಿ ಮಲಗಿರುತ್ತಿದ್ದವು
ಹಿತ್ತಾಳೆಯ ಬೊಟ್ಟುಗಳು, ಎಳೆಗೂಸುಗಳ ಹಾಗೆ.
ಬರಿಗೈಯಲ್ಲಿ ಮುಟ್ಟುವಂತಿಲ್ಲ.
ಬೆರಳಿನ ಜಿಡ್ಡು ಅಂಟಿದರೆ ಬೆಂಗಳೂರೆಲ್ಲ
ಒಂದು ಕೂದಲೆಳೆ ತಪ್ಪು ತೂಗೀತು
ಅನ್ನುತ್ತಿದ್ದರು ನನ್ನ ಮೇಲಿನವರು, ನರಹರಿರಾಯರು.

ಅವರಿಗೆ ಕಿಲೋ ಅಂದರೆ ಕಣ್ಣು ಅರೆಮುಚ್ಚುವ ವಿಷಯ.
"ಇವೆಲ್ಲ ಬರೀ ನೆರಳು ಕಣಮ್ಮ. ನಿಜವಾದದ್ದು
ಪ್ಯಾರಿಸ್ಸಿನಲ್ಲಿದೆ, ಗಾಜಿನ ಗಂಟೆಯ ಕೆಳಗೆ."
ಪೆಟ್ಟಿಗೆ ಹೊತ್ತ ಕೆಂಪಲಿಂಗಯ್ಯ ಹೆಗಲು ಬದಲಿಸಿದ:
"ನೆರಳು ಇಷ್ಟು ಭಾರ ಇರುತ್ತಾ, ಸಾ?"
ಸಂಜೆ ಯೂನಿಯನ್ ಸಭೆಗೆ ಹೋಗುವವನು.
ಅವನ ಪ್ರಕಾರ ತತ್ವ ಹುಟ್ಟುವುದು ಹೆಗಲಿನಲ್ಲಿ,
ತಲೆಗೆ ಏರುವುದು ಆಮೇಲೆ.

ಮಾರ್ಗಶಿರದ ಚಳಿ. ಕಲಾಸಿಪಾಳ್ಯ, ಬೆಳಗಿನ ಆರೂವರೆ.
ಸೊಗಡಿನ ಅವರೆಕಾಯಿ ರಾಶಿ, ಅದರ ಹಿಂದೆ ಮುನಿತಾಯಮ್ಮ.
ತಕ್ಕಡಿಯ ತಟ್ಟೆ ಮಗುಚಿದೆ.
ಅಡಿಯಲ್ಲಿ ಅಂಟಿಸಿದ ಹುಣಸೆಹಣ್ಣು.
ಕೆರೆದು ತೂಗಿದೆ. ಮೂವತ್ತೆಂಟು ಗ್ರಾಂ.
ಆಕೆ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ.
"ಬರ್ಕೊಳಿ. ಪೊಲೀಸಪ್ಪಂಗೆ ದಿನಾ ಒಂದ್ ಕೇಜಿ,
ನೆಲದ ಸುಂಕದೋನ್ಗೆ ಒಂದ್ ಕೇಜಿ.
ಆ ಕಾಯಿ ಯಾವ ತಕ್ಕಡೀಲಿ ತೂಗ್ತೀರ?"
ಕೆಂಪಲಿಂಗಯ್ಯ ನನ್ನ ಮುಖ ನೋಡಿದ.
ನಾನು ಕಾರ್ಬನ್ ಹಾಳೆ ಸರಿಮಾಡಿದೆ.

ಅಷ್ಟರಲ್ಲಿ ವಾಣಿವಿಲಾಸ ಆಸ್ಪತ್ರೆಯ ಕಡೆಯಿಂದ
ಒಬ್ಬ ಹೆಂಗಸು, ಕಂಕುಳಲ್ಲಿ ಫ್ಲಾಸ್ಕು,
ಮೂರು ರಾತ್ರಿ ನೆಲದಲ್ಲಿ ಮಲಗೆದ್ದ ಸೀರೆ.
ಅರ್ಧ ಕೇಜಿ ಕೇಳಿದಳು.
"ಮಗಳು ಹೆತ್ತಳಾ? ಕೂಸು ಎಷ್ಟು ತೂಕ?"
"ಒಂದೂಕಾಲು. ಗಾಜಿನ ಪೆಟ್ಟಿಗೇಲಿ ಇಟ್ಟವ್ರೆ."

ತಕ್ಕಡಿ ನನ್ನ ಜಪ್ತಿಯಲ್ಲಿತ್ತು.
ಮುನಿತಾಯಮ್ಮ ಬೊಗಸೆಯಲ್ಲೇ ಅಳೆದಳು.
ಒಂದು. ಎರಡು. ಸೆರಗು ಮುಚ್ಚಹೊರಟವಳ ಕೈ ತಡೆದು ಇನ್ನೊಂದು.
ಆಮೇಲೆ ಪಕ್ಕದವಳ ಬುಟ್ಟಿಯಿಂದ, ಕೇಳದೆಯೇ,
ಒಂದು ಹಿಡಿ ಕೊತ್ತಂಬರಿ.
"ಬಾಣಂತಿಗೆ ಕೊಟ್ಟೀಯೆ, ವಾಯು. ನೀನು ತಿನ್ನು."

ಕಣ್ಣಲ್ಲೇ ತೂಗಿದೆ, ಬಿಡದ ಚಾಳಿ:
ಮುಕ್ಕಾಲು ಕಿಲೋದ ಮೇಲೆ.
ನಮ್ಮ ಫಾರಮ್ಮಿನಲ್ಲಿ ಕಡಿಮೆ ಬಿದ್ದದ್ದಕ್ಕೆ ಕಲಂ ಇದೆ.
ಹೆಚ್ಚು ಬಿದ್ದದ್ದನ್ನು ಎಲ್ಲಿ ಬರೆಯಲಿ?
ಷರಾದಲ್ಲಿ ಬರೆಯಹೋಗಿ, ಪೆನ್ನಿನ ಮುಚ್ಚಳ ಹಾಕಿದೆ.
ದಂಡ ಕಟ್ಟಿಸಿಕೊಂಡೆ. ಅದೂ ನಿಜ.

ಆಕೆಯನ್ನು ದೇವತೆ ಮಾಡಲಾರೆ.
ಮುಂದಿನ ತಿಂಗಳು ತಟ್ಟೆಯಡಿ ಮತ್ತೆ ಹುಣಸೆಹಣ್ಣು.
ಈ ಸಲ ಇಪ್ಪತ್ತೇ ಗ್ರಾಂ.
ನನ್ನ ಮೇಲಿನ ಮರ್ಯಾದೆಗೆ ಇರಬೇಕು.

ನಾನು ರಿಟೈರಾದ ಮೇಲೆ ಸುದ್ದಿ ಬಂತು:
ಕಿಲೋ ಈಗ ಲೋಹದ ತುಂಡಲ್ಲ, ಒಂದು ಸಂಖ್ಯೆ.
ರಾಯರು ಫೋನಿನಲ್ಲಿ ಮಗುವಿನಂತೆ ನಕ್ಕರು.
"ನೋಡಿದೆಯಾ, ವಸ್ತು ಉದುರಿಹೋಯಿತು, ಉಳಿದದ್ದು ಭಾವ!"
ಲಗ್ಗೆರೆಯ ಮನೆಯಲ್ಲಿ ಕೆಂಪಲಿಂಗಯ್ಯನಿಗೆ ಹೇಳಿದೆ.
ಎಡಕ್ಕೆ ವಾಲಿದ ಹೆಗಲನ್ನು ಬಲಗೈಯಲ್ಲಿ ತಿಕ್ಕುತ್ತ
"ಇದಕ್ಕೂ ಒಂದ್ಸಲ ತಿಳಿಸಿ ಮೇಡಂ" ಅಂದ.
ಇಬ್ಬರಿಗೂ ನಾನು ಹೂಂ ಅಂದಿದ್ದೇನೆ.

ಈಗ ನಮ್ಮ ಬೀದಿಯ ಅಂಗಡಿಯಲ್ಲಿ ಕರೆಂಟಿನ ತಕ್ಕಡಿ.
ಕೆಂಪು ಅಂಕಿ ನಡುಗಿ ನಡುಗಿ ನಿಲ್ಲುತ್ತದೆ:
ಒಂದು, ಚುಕ್ಕೆ, ಮೂರು ಸೊನ್ನೆ.
ಸರಿಯಾಗಿದೆ, ಎಳ್ಳಷ್ಟೂ ಮೋಸವಿಲ್ಲ.
ಆದರೂ ಚೀಲದ ಬಾಯಿ ಮುಚ್ಚದೆ ನಿಂತಿರುತ್ತೇನೆ.
ಹುಡುಗ ತಲೆಯೆತ್ತಿ ಕೇಳುತ್ತಾನೆ,
"ಇನ್ನೇನು ಬೇಕಿತ್ತು, ಆಂಟಿ?"